ಮೈದುನನ ಬೆಟ್ಟಿಂಗ್‌ಗೆ 600 ಪೌಂಡ್ ಕೊಡಲೇ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಎಂ.ಎಸ್‌ಸಿ ಓದಲು ಬಂದ ಮೈದುನ ನಮ್ಮ ಜೊತೆಗಿದ್ದಾನೆ. ಇಲ್ಲಿನ ಫುಟ್‌ಬಾಲ್ ನಾಕೌಟ್ ಟೂರ್ನಿ ಎಫ್‌ಎ ಕಪ್‌ನ ಪಂದ್ಯಗಳಿಗೆ ಬೆಟ್ ಕಟ್ಟಿ, ಅತ್ತೆ ಕಳಿಸಿದ್ದ ಫೀಸಿನ ದುಡ್ಡಲ್ಲಿ ಒಂದಷ್ಟು ಕಳೆದಿದ್ದಾನೆ. 'ಅತ್ತಿಗೆ, 600 ಪೌಂಡ್ ಕೊಡಿ, ಮುಂದಿನ ಸುತ್ತಿನಲ್ಲಿ ಎಲ್ಲ ವಾಪಸ್ ಬರುತ್ತೆ. ಅಣ್ಣನಿಗೆ ಮಾತ್ರ ಹೇಳಬೇಡಿ' ಅಂತಾನೆ. ಏನು ಮಾಡಲಿ?

ಉತ್ತರ: ಕೊಡಬೇಡಿ. ಗುಟ್ಟನ್ನೂ ಇಟ್ಟುಕೊಳ್ಳಬೇಡಿ.

ವಾಪಸ್ ಬರುತ್ತೆ ಅನ್ನುವ ಲೆಕ್ಕ ನೋಡೋಣ. ಇಂಥ ಹುಡುಗರು ಸಾಮಾನ್ಯವಾಗಿ ಕಟ್ಟುವುದು ಅಕ್ಯುಮುಲೇಟರ್: ಐದು ದೊಡ್ಡ ತಂಡಗಳನ್ನು ಒಂದೇ ಚೀಟಿಗೆ ಪೋಣಿಸುವುದು, ಐದೂ ಗೆದ್ದರಷ್ಟೇ ದುಡ್ಡು. ಒಂದೊಂದಕ್ಕೆ 1.40 ದರವಿದ್ದರೆ (ಒಂದು ಪೌಂಡ್ ಕಟ್ಟಿ ಗೆದ್ದರೆ ಅಸಲೂ ಸೇರಿ 1.40 ಪೌಂಡ್) 20 ಪೌಂಡಿಗೆ ಸುಮಾರು 107 ಬರುತ್ತದೆ. ಆದರೆ ಕಂಪನಿ ತನ್ನ ಲಾಭ ಹಿಡಿದುಕೊಂಡೇ ದರ ಇಡುವುದರಿಂದ, ಅಂಥ ತಂಡ ಗೆಲ್ಲುವ ನಿಜವಾದ ಸಾಧ್ಯತೆ ಶೇ 68ರಷ್ಟು ಎಂದಿಟ್ಟುಕೊಳ್ಳಿ. ಐದೂ ಗೆಲ್ಲುವ ಸಾಧ್ಯತೆ ಶೇ 15ಕ್ಕಿಂತ ಕಡಿಮೆ. ಹೀಗೆ ಕಟ್ಟುತ್ತಾ ಹೋದರೆ ಪ್ರತಿ 20 ಪೌಂಡಿಗೆ ಸರಾಸರಿ ನಾಲ್ಕು ಪೌಂಡಿಗೂ ಹೆಚ್ಚು ಸೋರಿಹೋಗುತ್ತದೆ. ಪಂದ್ಯ ಸೇರಿಸಿದಷ್ಟೂ ಸೋರಿಕೆ ಜಾಸ್ತಿ.

ಅದರಲ್ಲೂ ನಾಕೌಟ್ ಕಪ್‌ನಲ್ಲಿ 'ದೊಡ್ಡ ತಂಡ' ಅನ್ನುವುದೇ ಭ್ರಮೆ. ಲೀಗ್ ಪಂದ್ಯಗಳಿಗಾಗಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುತ್ತಾರೆ. 2025ರ ಫೆಬ್ರುವರಿಯಲ್ಲಿ ಪ್ರೀಮಿಯರ್ ಲೀಗ್‌ನ ತುದಿಯಲ್ಲಿದ್ದ ಲಿವರ್‌ಪೂಲ್ ಹತ್ತು ಬದಲಾವಣೆ ಮಾಡಿಕೊಂಡು ಇಳಿದು, ಅದರ ಕೆಳಗಿನ ದರ್ಜೆಯಾದ ಚಾಂಪಿಯನ್‌ಶಿಪ್‌ನ ಕೊನೆಯ ಸ್ಥಾನದಲ್ಲಿದ್ದ ಪ್ಲಿಮತ್‌ಗೆ 1-0ರಿಂದ ಸೋತಿತು. ಇನ್ನೊಂದು ಗುಂಡಿ: ಗೆಲುವಿನ ಸಾಮಾನ್ಯ ಬೆಟ್ 90 ನಿಮಿಷ ಮತ್ತು ಇಂಜುರಿ ಟೈಮ್‌ಗಷ್ಟೇ ಲೆಕ್ಕ. 2024-25ರಿಂದ ಮೊದಲ ಸುತ್ತಿನಿಂದಲೇ ಮರುಪಂದ್ಯ ಇಲ್ಲ, ಸಮವಾದರೆ ಹೆಚ್ಚುವರಿ ಸಮಯ, ಪೆನಾಲ್ಟಿ. ಅಲ್ಲಿ ಗೆದ್ದು ಮುಂದಿನ ಸುತ್ತಿಗೆ ಹೋದ ತಂಡದ ಮೇಲೆ ಕಟ್ಟಿದವನ ದುಡ್ಡೂ ಮುಳುಗಿರುತ್ತದೆ. 'ಫ್ರೀ ಬೆಟ್' ಕೂಡ ಅಷ್ಟೇ. 10 ಪೌಂಡಿನದ್ದು 1.40ಕ್ಕೆ ಗೆದ್ದರೆ ಕಟ್ಟಿದ ಹತ್ತು ವಾಪಸ್ ಬರುವುದಿಲ್ಲ, ಸಾಮಾನ್ಯವಾಗಿ ಕೈಗೆ ಬರುವುದು ನಾಲ್ಕೇ ಪೌಂಡ್.

ಈಗ ಕೆಲಸಕ್ಕೆ ಬನ್ನಿ. ಭಾನುವಾರದೊಳಗೆ ಅಣ್ಣನಿಗೆ ತಾನೇ ಹೇಳಲಿ, ಪಕ್ಕದಲ್ಲಿ ನೀವಿರಿ. ಹೇಳದಿದ್ದರೆ ನೀವೇ ಹೇಳುತ್ತೀರೆಂದು ಮೊದಲೇ ತಿಳಿಸಿ.

ಅಂದೇ ಗ್ಯಾಮ್‌ಸ್ಟಾಪ್‌ನಲ್ಲಿ, ಅಂದರೆ ಆನ್‌ಲೈನ್ ಬೆಟ್ಟಿಂಗ್‌ನಿಂದ ತನ್ನನ್ನು ತಾನೇ ಹೊರಗಿಡುವ ವ್ಯವಸ್ಥೆಯಲ್ಲಿ, ನೋಂದಾಯಿಸಲಿ. ಉಚಿತ, ಆದರೆ ಅವನ ಪರವಾಗಿ ನೀವು ಮಾಡುವಂತಿಲ್ಲ. ಆರು ತಿಂಗಳು, ಒಂದು ವರ್ಷ, ಐದು ವರ್ಷ ಎಂಬ ಆಯ್ಕೆಗಳಿವೆ. ಐದೇ ಸರಿ, ಅವಧಿ ಮುಗಿಯುವ ಮುಂಚೆ ರದ್ದು ಮಾಡಲಾಗದು. ಹಳೆಯ ಇಮೇಲ್, ಫೋನ್ ನಂಬರ್, ವಿಳಾಸ ಎಲ್ಲವನ್ನೂ ಸೇರಿಸಬೇಕು. ಬಿಟ್ಟುಹೋದದ್ದರಲ್ಲೇ ಹೊಸ ಖಾತೆ ಹುಟ್ಟುತ್ತದೆ. ಇದು ಬ್ರಿಟನ್ನಿನ ಲೈಸೆನ್ಸ್ ಇರುವ ಆನ್‌ಲೈನ್ ಕಂಪನಿಗಳನ್ನಷ್ಟೇ ತಡೆಯುತ್ತದೆ. ಲೈಸೆನ್ಸ್ ಇಲ್ಲದ ಸೈಟುಗಳಿಗೆ ಗ್ಯಾಮ್‌ಬ್ಯಾನ್ ಎಂಬ ಆ್ಯಪನ್ನು ಫೋನಿಗೂ ಲ್ಯಾಪ್‌ಟಾಪಿಗೂ ಹಾಕಬೇಕು. ಬೀದಿಯ ಬೆಟ್ಟಿಂಗ್ ಅಂಗಡಿಗಳಿಗೆ ಬೇರೆಯೇ ನೋಂದಣಿ. ಬ್ಯಾಂಕ್ ಆ್ಯಪ್‌ನಲ್ಲಿ ಗ್ಯಾಂಬ್ಲಿಂಗ್ ಬ್ಲಾಕ್ ಇದ್ದರೆ ಒತ್ತಲಿ. ಅದು ತಡೆಯುವುದು ಕಾರ್ಡ್ ಪಾವತಿಯನ್ನು, ಗೆಳೆಯನ ಖಾತೆಗೆ ಹಾಕಿ ಅಲ್ಲಿಂದ ಆಡುವುದನ್ನಲ್ಲ. ಹಾಗಾಗಿ ಮೂರು ತಿಂಗಳ ಸ್ಟೇಟ್‌ಮೆಂಟನ್ನು ಇಬ್ಬರೂ ಕೂತು ನೋಡಿ. ಕ್ರೆಡಿಟ್ ಕಾರ್ಡಿನಿಂದ ಬೆಟ್ ಕಟ್ಟುವುದಕ್ಕೆ ಅಲ್ಲಿ 2020ರಿಂದಲೇ ನಿಷೇಧವಿದೆ, ಸಾಲ ಬೇರೆ ಕಡೆಯಿಂದ ಎತ್ತಿರಬಹುದು. ಅವನ ಸಾಲಗಳ ವಿವರವಿರುವ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ತೆಗೆಸಿ ಪರೀಕ್ಷಿಸಿ.

ನನಗೆ ಹೆಚ್ಚು ದಿಗಿಲು ವೀಸಾದ್ದು. ಫೀಸು ಕಟ್ಟದೆ ಪ್ರವೇಶ ರದ್ದಾದರೆ ವಿಶ್ವವಿದ್ಯಾಲಯ ಅದನ್ನು ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಹೋಮ್ ಆಫೀಸಿಗೆ ತಿಳಿಸಲೇಬೇಕು. ಕಳೆದದ್ದನ್ನು ತುಂಬಲು ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿದರೆ ಅದೂ ವೀಸಾ ಉಲ್ಲಂಘನೆ. ಗಡುವಿಗೆ ಮುಂಚೆಯೇ ಫೀಸು ವಿಭಾಗಕ್ಕೆ ಹೋಗಿ ಕಂತು ಕೇಳಲಿ.

ಜೂಜಿನ ಚಟದವರಿಗೆ ನೆರವಾಗುವ ಗ್ಯಾಮ್‌ಕೇರ್ ಸಂಸ್ಥೆಯ ಉಚಿತ ಸಹಾಯವಾಣಿ 0808 8020 133, ಹಗಲೂ ರಾತ್ರಿ. ಮನೆಯವರೂ ಕರೆ ಮಾಡಬಹುದು. ಬದುಕೇ ಬೇಡ ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಒಬ್ಬನನ್ನೇ ಬಿಡಬೇಡಿ, 999ಕ್ಕೆ ಕರೆ ಮಾಡಿ.

ನಿಮ್ಮ 600 ಪೌಂಡ್ ಕೊಡಲೇಬೇಕೆನಿಸಿದರೆ ಅದನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ. ಇನ್ನು ಮೇಲೆ ಊರಿಂದ ಬರುವ ದುಡ್ಡೂ ನೇರ ಅಲ್ಲಿಗೇ ಹೋಗಲಿ. ಅತ್ತೆಗೆ ಅದನ್ನು ತಿಳಿಸಿ ಹೇಳುವ ಕೆಲಸ ನಿಮ್ಮ ಯಜಮಾನರದ್ದು, ನಿಮ್ಮದಲ್ಲ.