ದಕ್ಷಿಣ ಆಫ್ರಿಕಾದಲ್ಲಿ ಸ್ಕೂಲ್ ರಗ್ಬಿಯಿಂದ ಪ್ರಾಂತ್ಯದ ತಂಡಕ್ಕೆ ಹುಡುಗರನ್ನು ಹೇಗೆ ಆರಿಸುತ್ತಾರೆ? ನನ್ನ ಮಗನನ್ನು ಯಾಕೆ ಬಿಟ್ಟರು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ಮೈಸೂರಿನಿಂದ ಗೌಟೆಂಗ್‌ಗೆ ಬಂದು ಮೂರು ವರ್ಷ ಆಗಿದೆ. ಮಗನಿಗೆ ಈ ವರ್ಷ 16 ತುಂಬುತ್ತದೆ, ಶಾಲೆಯ ಅಂಡರ್-16 ಎ ತಂಡದಲ್ಲಿ ಫ್ಲ್ಯಾಂಕರ್ (ಓಡಿ ಟ್ಯಾಕಲ್ ಮಾಡುವ, ಅಂದರೆ ಎದುರಾಳಿಯನ್ನು ಹಿಡಿದು ಬೀಳಿಸುವ ಜಾಗ). ಪ್ರಾಂತ್ಯಗಳ ಅಂಡರ್-16 ತಂಡಗಳು ಆಡುವ ಗ್ರಾಂಟ್ ಖೊಮೊ ವೀಕ್‌ನ ಟ್ರಯಲ್ಸ್‌ಗೆ (ಆಯ್ಕೆಯ ಆಟಕ್ಕೆ) ಕರೆದರು, ಎರಡನೇ ಸುತ್ತಿನಲ್ಲಿ ಬಿಟ್ಟರು, ಕಾರಣ ಯಾರೂ ಹೇಳಲಿಲ್ಲ. ನಮ್ಮ ಬಣ್ಣ ನೋಡಿ ಬಿಟ್ಟರಾ, ಇದೆಲ್ಲ ದೊಡ್ಡ ಶಾಲೆಯವರಿಗೆ ಮಾತ್ರನಾ, ಬರ್ಸರಿ (ಫೀಸಿಗೆ ನೆರವು) ಕೊಡುತ್ತೇವೆ ಬನ್ನಿ ಅನ್ನುತ್ತಿರುವ ಇನ್ನೊಂದು ಶಾಲೆಗೆ ಸೇರಿಸಿಬಿಡಲಾ ಅಂತ ಕೇಳಿದ್ದೀರಿ. ನಾನು ಈ ಕಡೆಗೆ ಬಂದು 16 ವರ್ಷ ಆಯಿತು. ನನ್ನ ಮಗ ಇಲ್ಲೇ ಹುಕರ್ ಆಗಿ ಆಡಿಕೊಂಡು ಮೆಟ್ರಿಕ್ ಮುಗಿಸಿದ (ಇಲ್ಲಿ ಮೆಟ್ರಿಕ್ ಅಂದರೆ 12ನೇ ಕ್ಲಾಸ್). ನಿಮಗೆ ಆಗಿದ್ದೇ ನಮಗೂ ಆಗಿತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು, ನಮ್ಮೂರಿನ ಲೆಕ್ಕ ಇಲ್ಲಿ ಹಿಡಿಯಬೇಡಿ. ನಮ್ಮಲ್ಲಿ ಶಾಲೆಯ ಕಬಡ್ಡಿ ತಂಡ ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆಗೆ, ಹೀಗೆ ತಂಡಕ್ಕೆ ತಂಡವೇ ಮೇಲೆ ಹತ್ತುತ್ತದೆ. ಇಲ್ಲಿ ಹಾಗಲ್ಲ. ಶಾಲೆಯ ಆಟವೇ ಒಂದು ಲೋಕ. ಶನಿವಾರ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇರುವಾಗಲೇ ಅಂಡರ್-14ರ ಸಿ, ಡಿ ತಂಡಗಳು ಶುರು ಮಾಡುತ್ತವೆ, ಮಧ್ಯಾಹ್ನದ ಹೊತ್ತಿಗೆ ಫಸ್ಟ್ ಟೀಮ್ ಬರುತ್ತದೆ, ಅಷ್ಟರಲ್ಲಿ ಇಡೀ ಶಾಲೆ ಬ್ಲೇಜರ್ ಹಾಕಿಕೊಂಡು ಒಂದೇ ಕಡೆ ಕೂತು ಹಾಡುತ್ತಿರುತ್ತದೆ. ಪಾರ್ಲ್ ಊರಿನಲ್ಲಿ ಪಾರ್ಲ್ ಜಿಮ್ನೇಸಿಯಂ ಮತ್ತು ಪಾರ್ಲ್ ಬಾಯ್ಸ್ ಹೈ ಎದುರುಬದುರಾದರೆ 20,000ಕ್ಕೂ ಜಾಸ್ತಿ ಜನ ಸೇರುತ್ತಾರೆ. ಶಾಲಾ ಹುಡುಗರ ಆಟಕ್ಕೆ! ಈಸ್ಟರ್ ಹೊತ್ತಿಗೆ ಜೋಹಾನ್ಸ್‌ಬರ್ಗ್‌ನ ಕೆಲವು ಶಾಲೆಗಳು ಹಬ್ಬದ ಥರ ಪಂದ್ಯಗಳನ್ನು ನಡೆಸುತ್ತವೆ, ಕಿಂಬರ್ಲಿಯಲ್ಲಿ ವಿಲ್ಡೆಕ್ಲಾವರ್ ಅಂತ ಇನ್ನೊಂದು ದೊಡ್ಡ ಟೂರ್ನಿ ಇದೆ. ಇವೆಲ್ಲ ಶಾಲೆ ಶಾಲೆಗಳ ಮಧ್ಯೆ.

ಪ್ರಾಂತ್ಯದ ತಂಡ ಬೇರೆಯೇ. ಅಲ್ಲಿ ತಂಡವಲ್ಲ, ಹುಡುಗರನ್ನು ಒಬ್ಬೊಬ್ಬರಾಗಿ ಆರಿಸುತ್ತಾರೆ. ಶಾಲೆಯ ಕೋಚ್ ಹೆಸರು ಕಳಿಸಬೇಕು, ಆಮೇಲೆ ಎರಡು ಮೂರು ಸುತ್ತು ಟ್ರಯಲ್ಸ್, ಆಮೇಲೆ ದೊಡ್ಡ ಪಟ್ಟಿ, ಕೊನೆಗೆ 23ರ ಆಸುಪಾಸು ಉಳಿಯುತ್ತಾರೆ. ಚಳಿಗಾಲದ ರಜೆಯಲ್ಲಿ ಅಂಡರ್-16ರವರಿಗೆ ಗ್ರಾಂಟ್ ಖೊಮೊ ವೀಕ್, ಅಂಡರ್-18ರವರಿಗೆ ಕ್ರೇವನ್ ವೀಕ್, ಅದರ ಕೆಳಗೆ ಎರಡನೇ ತಂಡಗಳಿಗೆ ಅಕಾಡೆಮಿ ವೀಕ್. ಇಲ್ಲಿ ಪ್ರಾಂತ್ಯ ಅಂದರೆ ಸರ್ಕಾರದ ಪ್ರಾಂತ್ಯ ಅಲ್ಲ, ರಗ್ಬಿ ಯೂನಿಯನ್. ಗೌಟೆಂಗ್ ಒಂದರಲ್ಲೇ ಮೂರಿವೆ: ಪ್ರಿಟೋರಿಯಾ ಕಡೆ ಬ್ಲೂ ಬುಲ್ಸ್, ಜೋಹಾನ್ಸ್‌ಬರ್ಗ್ ಕಡೆ ಗೋಲ್ಡನ್ ಲಯನ್ಸ್, ಈಸ್ಟ್ ರ್‍ಯಾಂಡ್ ಕಡೆ ವಾಲ್ಕೆ. ಮಗನ ಶಾಲೆ ಯಾವುದಕ್ಕೆ ಸೇರಿದೆಯೋ ಅವನೂ ಅದಕ್ಕೇ.

ಕ್ರೇವನ್ ವೀಕ್ ಶುರುವಾಗಿದ್ದು 1964ರಲ್ಲಿ, ಈಸ್ಟ್ ಲಂಡನ್‌ನಲ್ಲಿ. ಇಲ್ಲಿನ ರಗ್ಬಿ ಬೋರ್ಡಿಗೆ 75 ವರ್ಷ ತುಂಬಿದ ವರ್ಷ ಅದು. ಬೋರ್ಡಿನ ಮುಖ್ಯಸ್ಥ ಡ್ಯಾನಿ ಕ್ರೇವನ್ ಹೆಸರನ್ನೇ ಇಟ್ಟರು, ಮೊದಲ ಸಲ 15 ತಂಡ ಬಂದಿದ್ದವು. ಅದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಒಂದಿದೆ. ಸೆಮಿಫೈನಲ್ ಇಲ್ಲ, ಕಪ್ ಇಲ್ಲ, ಅಧಿಕೃತವಾಗಿ ಗೆದ್ದವರು ಅಂತ ಯಾರೂ ಇಲ್ಲ. ದಿನದಿನದ ಆಟ ನೋಡಿ ಮುಂದಿನ ಪಂದ್ಯ ಹೊಂದಿಸುತ್ತಾರೆ. ಕೊನೆಯ ದಿನದ ಕೊನೆಯ ಪಂದ್ಯವನ್ನು ಜನ ಫೈನಲ್ ಅಂತ ಕರೆದುಕೊಳ್ಳುತ್ತಾರೆ, ಅಷ್ಟೇ. ಆದರೆ ವಾರ ಮುಗಿಯುವಾಗ ಎಸ್‌ಎ ಸ್ಕೂಲ್ಸ್, ಅಂದರೆ ಇಡೀ ದೇಶದ ಶಾಲಾ ಹುಡುಗರ ತಂಡದ ಹೆಸರು ಓದುತ್ತಾರೆ ನೋಡಿ, ಒತ್ತಡ ಇರುವುದು ಅಲ್ಲಿ.

ಈಗ ಟ್ರಯಲ್ಸ್‌ನಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಬರುತ್ತೇನೆ. ನನ್ನ ಮಗನ ಅಂಡರ್-16 ಟ್ರಯಲ್ಸ್ ದಿನ ನಾನು ತಂತಿಬೇಲಿಯ ಹೊರಗೆ ನಿಂತಿದ್ದೆ. ಹುಡುಗರ ತೋಳಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆದಿದ್ದರು, ಅವನದು 41. ಬೆವರಿಗೆ ನಾಲ್ಕು ಅಳಿಸಿಹೋಗಿ ಒಂದು ಮಾತ್ರ ಉಳಿದಿತ್ತು. ಆಡಲು ಬಿಟ್ಟಿದ್ದು 12 ನಿಮಿಷ. ಹುಕರ್ ಕೆಲಸ ಲೈನ್‌ಔಟ್‌ನಲ್ಲಿ, ಅಂದರೆ ಚೆಂಡು ಗೆರೆಯಾಚೆ ಹೋದಾಗ ಸಾಲಾಗಿ ನಿಂತವರ ಮಧ್ಯೆ, ಚೆಂಡು ಎಸೆಯುವುದು. ಅದಕ್ಕಾಗಿ ನಮ್ಮ ಗ್ಯಾರೇಜ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದುಕೊಂಡು ಒಂದು ವರ್ಷ ಪ್ರತಿ ಸಂಜೆ 50 ಸಲ ಎಸೆದಿದ್ದ, ಆ ಜಾಗದ ಬಣ್ಣವೇ ಕಂದಿತ್ತು. ಆ 12 ನಿಮಿಷದಲ್ಲಿ ಅವನ ಕಡೆ ಬಂದಿದ್ದು ಎರಡೇ ಲೈನ್‌ಔಟ್. ಒಂದರಲ್ಲಿ, ಅವನು ಎಂದೂ ಒಟ್ಟಿಗೆ ಆಡಿರದ ಹುಡುಗ ತಪ್ಪು ಹೊತ್ತಿಗೆ ಹಾರಿದ. ಇನ್ನೊಂದು ಸರಿ ಹೋಯಿತು. ಆಮೇಲೆ ಒಬ್ಬರು ಹಾಳೆ ಹಿಡಿದು ಹೆಸರು ಓದಿದರು, ಅವನದು ಬರಲಿಲ್ಲ. 'ಥ್ಯಾಂಕ್ಯೂ ಬಾಯ್ಸ್' ಅಂದರು, ಮುಗಿಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಆಮೇಲೆ ನಾನು ಬರೆದ ಈಮೇಲಿಗೂ ಉತ್ತರ ಬರಲಿಲ್ಲ. ಹದಿನೈದು ಹದಿನಾರರ ಹುಡುಗನಿಗೆ ಒಂದು ಸಾಲು ಕಾರಣ ಹೇಳಬೇಕು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಅದು ತಪ್ಪೇ.

ಆದರೆ ಆಮೇಲಿನ ಎರಡು ವರ್ಷ ಬೇರೆ ಬೇರೆ ಕೋಚ್‌ಗಳ ಜೊತೆ ಕೂತು ಮಾತಾಡಿದ ಮೇಲೆ ನನಗೆ ಅರ್ಥವಾಗಿದ್ದು ಏನೆಂದರೆ, ಟ್ರಯಲ್ಸ್‌ಗೆ ಬರುವ ಹೊತ್ತಿಗೆ ಅರ್ಧ ತಂಡ ಸೆಲೆಕ್ಟರ್‌ಗಳ ತಲೆಯಲ್ಲಿ ಆಗಲೇ ಇರುತ್ತದೆ. ಅವರು ಶನಿವಾರದ ಆಟ ನೋಡಿರುತ್ತಾರೆ, ಈಸ್ಟರ್ ಟೂರ್ನಿ ನೋಡಿರುತ್ತಾರೆ. ಅವರಲ್ಲಿ ಎಷ್ಟೋ ಜನ ತಾವೇ ಯಾವುದೋ ಶಾಲೆಯ ಮೇಷ್ಟ್ರು, ಕೋಚ್. ತಮ್ಮ ಹುಡುಗ ಮಳೆಯಲ್ಲಿ ಹೇಗೆ ಆಡುತ್ತಾನೆ, ಸೋಲುತ್ತಿರುವಾಗ ಹೇಗೆ ಆಡುತ್ತಾನೆ ಅಂತ ಅವರಿಗೆ ಗೊತ್ತು. ನಿಮ್ಮ ಮಗನದು ಗೊತ್ತಿಲ್ಲ. ಆಟ ನಡೆಸುವ ಒಂಬತ್ತು ಮತ್ತು ಹತ್ತನೇ ನಂಬರಿನವರನ್ನು ಒಂದೇ ಶಾಲೆಯಿಂದ ತೆಗೆದುಕೊಂಡರೆ ಅಭ್ಯಾಸದ ದಿನ ಉಳಿಯುತ್ತದೆ, ಮುಂದಿನ ಸಾಲಿನ ಮೂವರೂ (ಹುಕರ್ ಮತ್ತು ಅವನ ಅಕ್ಕಪಕ್ಕದ ಇಬ್ಬರು ಪ್ರಾಪ್) ಹಾಗೇ. ಫ್ರೀ ಸ್ಟೇಟ್ ತಂಡದಲ್ಲಿ ಬ್ಲೂಮ್‌ಫಾಂಟೀನ್‌ನ ಗ್ರೇ ಕಾಲೇಜ್ ಹುಡುಗರೇ ತುಂಬಿರುತ್ತಿದ್ದ ವರ್ಷಗಳು ಎಷ್ಟೋ ಇವೆ. ಹಾಗಾಗಿ ದೊಡ್ಡ ಶಾಲೆಗೆ ಅನುಕೂಲ ಇದೆಯಾ ಅಂದರೆ, ಇದೆ. ಇಲ್ಲ ಅಂತ ಸುಮ್ನೆ ಸಮಾಧಾನ ಹೇಳುವುದಿಲ್ಲ.

ಅದರ ಮೇಲೆ ಜಾಗದ ಪ್ರಶ್ನೆ. ಫ್ಲ್ಯಾಂಕರ್ ಅಂದರೆ ಎಲ್ಲರೂ ಆಡಬೇಕು ಅನ್ನುವ ಜಾಗ. ಟ್ರಯಲ್ಸ್‌ಗೆ ಬಂದವರಲ್ಲಿ ಅತಿ ಹೆಚ್ಚು ಹುಡುಗರು ಅದೇ ಜಾಗದವರು ಇರುತ್ತಾರೆ. ಒಳ್ಳೆಯ ಟೈಟ್‌ಹೆಡ್ ಪ್ರಾಪ್ (ಮುಂದಿನ ಸಾಲಿನ ಬಲಗಡೆಯವನು) ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಮಗನಿಗೆ ಎತ್ತರ ಕಡಿಮೆ, ಕುತ್ತಿಗೆ ಭುಜ ಗಟ್ಟಿ ಇದ್ದರೆ ಹುಕರ್ ಆಗಬಹುದಾ ಅಂತ ಕೋಚ್‌ನ ಕೇಳಿ ನೋಡಿ. ನನ್ನ ಮಗನೂ ಅಂಡರ್-14ರಲ್ಲಿ ಫ್ಲ್ಯಾಂಕರೇ.

ಹುಟ್ಟಿದ ತಿಂಗಳು ಯಾವುದು? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಾದ್ದು. ಇಲ್ಲಿ ಜನವರಿ 1ರ ಲೆಕ್ಕ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಅಂಡರ್-16. ಆ ವಯಸ್ಸಿನಲ್ಲಿ 11 ತಿಂಗಳು ಅಂದರೆ ಗಡ್ಡ ಬಂದವನಿಗೂ ಬರದವನಿಗೂ ಇರುವ ವ್ಯತ್ಯಾಸ. ಇನ್ನೊಂದು ವಿಷಯ ನಮ್ಮಂಥ ವಲಸೆ ಬಂದವರಿಗೆ: ಇಲ್ಲಿನ ಶಾಲೆಗೆ ಸೇರಿಸುವಾಗ ಒಂದು ಕ್ಲಾಸ್ ಕೆಳಗೆ ಹಾಕಿದ್ದಾರಾ ನೋಡಿಕೊಳ್ಳಿ. ಶಾಲೆಯ ಫಸ್ಟ್ ಟೀಮ್‌ನಲ್ಲಿ ಆ ವರ್ಷ 19 ತುಂಬುವವನೂ ಆಡಬಹುದು, ಆದರೆ ಕ್ರೇವನ್ ವೀಕ್ ಅಂಡರ್-18. ಮೆಟ್ರಿಕ್ ವರ್ಷದಲ್ಲಿ 19 ತುಂಬಿದರೆ ಆ ಬಾಗಿಲು ಮುಚ್ಚಿತು. ನಮ್ಮ ಪರಿಚಯದ ಒಬ್ಬರಿಗೆ ಇದು ಗೊತ್ತಾಗಿದ್ದು ಮೆಟ್ರಿಕ್‌ಗೆ ಬಂದ ಮೇಲೆ, ಪಾಪ.

ಬಣ್ಣದ ವಿಷಯ. ಇದನ್ನು ಇಲ್ಲಿ ಯಾರೂ ಹಗುರವಾಗಿ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಕ್ರೇವನ್ ವೀಕ್ ಶುರುವಾದಾಗ ಅದು ಬಿಳಿಯ ಹುಡುಗರಿಗೆ ಮಾತ್ರ ಇತ್ತು, 1980ರಲ್ಲಿ ಬಾಗಿಲು ತೆರೆಯಿತು. ಈಗ ತಂಡದಲ್ಲಿ ಬಿಳಿಯರಲ್ಲದ ಹುಡುಗರು ಇಷ್ಟು ಇರಬೇಕು ಅಂತ ನಿಯಮವೇ ಇದೆ. ಅದನ್ನು ನೋಡಿ ಕೆಲವು ಅಪ್ಪಂದಿರು ಪಕ್ಕದಲ್ಲಿ ನಿಂತು ಗೊಣಗುವುದು ನಿಮ್ಮ ಕಿವಿಗೂ ಬೀಳುತ್ತದೆ. ಆದರೆ ನಿಜವಾದ ಅಂತರ ಟ್ರಯಲ್ಸ್ ಮೈದಾನದಲ್ಲಿ ಹುಟ್ಟುವುದಲ್ಲ, ಅದಕ್ಕಿಂತ ಎಷ್ಟೋ ಮೊದಲು ಹುಟ್ಟುತ್ತದೆ. ಜಿಮ್ ಇರುವ, ಹಾಸ್ಟೆಲ್ ಊಟ ಇರುವ, ನಾಲ್ಕು ಕೋಚ್ ಇರುವ ಶಾಲೆ ಒಂದು ಕಡೆ, ಗೋಲ್ ಪೋಸ್ಟೇ ಇಲ್ಲದ ಟೌನ್‌ಶಿಪ್ (ಹಿಂದೆ ಬಿಳಿಯರಲ್ಲದವರಿಗೆಂದೇ ಮಾಡಿದ ಬಡಾವಣೆ) ಶಾಲೆ ಇನ್ನೊಂದು ಕಡೆ. ಸಿಯಾ ಕೊಲಿಸಿ ಜ್ವಿಡೆ ಅನ್ನುವ ಟೌನ್‌ಶಿಪ್‌ನ ಹುಡುಗ. 12ನೇ ವಯಸ್ಸಿನಲ್ಲಿ ಮಾಸೆಲ್ ಬೇಯಲ್ಲಿ ನಡೆದ ಒಂದು ಟೂರ್ನಿಯಲ್ಲಿ ಅವನ ಆಟ ಯಾರದೋ ಕಣ್ಣಿಗೆ ಬಿತ್ತು, ಪೋರ್ಟ್ ಎಲಿಜಬೆತ್‌ನ ಗ್ರೇ ಶಾಲೆಯ ಸ್ಕಾಲರ್‌ಶಿಪ್ ಸಿಕ್ಕಿತು, ಮುಂದೆ 2019 ಮತ್ತು 2023ರಲ್ಲಿ ವಿಶ್ವಕಪ್ ಎತ್ತಿದ ನಾಯಕ ಅವನೇ. ಅವತ್ತು ನೋಡಿದವರು ನೋಡದೇ ಇದ್ದಿದ್ದರೆ? ಮಕಝೋಲೆ ಮಪಿಂಪಿಯದು ಇನ್ನೂ ದೂರದ ದಾರಿ. ಈಸ್ಟರ್ನ್ ಕೇಪ್‌ನ ಹಳ್ಳಿ, ಹೆಸರಾದ ಯಾವ ರಗ್ಬಿ ಶಾಲೆಯೂ ಅಲ್ಲ. 2019ರ ಯೊಕೊಹಾಮಾ ಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ಟ್ರೈ ಹೊಡೆದ (ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿ ಅಂಕ ಗಳಿಸಿದ). ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಹೊಡೆದ ಮೊದಲ ಟ್ರೈ ಅದು. ಅವತ್ತು ನನ್ನ ಮಗ ಟಿವಿ ಮುಂದೆ ಅತ್ತಿದ್ದ. ನಿಮ್ಮ ಮಗನಿಗೂ ಈ ಹೆಸರುಗಳು ಗೊತ್ತಿರುತ್ತವೆ, ಕೇಳಿ ನೋಡಿ.

ಬರ್ಸರಿ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅಂಡರ್-16 ತಂಡ ಕೈತಪ್ಪಿತು ಅನ್ನುವ ಒಂದೇ ಕಾರಣಕ್ಕೆ ಶಾಲೆ ಬದಲಿಸಬೇಡಿ. ಆ ಶಾಲೆಯಲ್ಲಿ ಅವನ ವಯಸ್ಸಿನ ಫ್ಲ್ಯಾಂಕರ್‌ಗಳು ಈಗಾಗಲೇ ಎಷ್ಟು ಜನ ಇದ್ದಾರೆ ಅಂತ ಕೇಳಿ. ನಾಲ್ವರಿದ್ದರೆ ನಿಮ್ಮವನು ಬಿ ತಂಡದಲ್ಲಿ ಕೂರುತ್ತಾನೆ, ಸೆಲೆಕ್ಟರ್ ಕಣ್ಣಿಗೆ ಈಗಿನದಕ್ಕಿಂತ ಕಡಿಮೆ ಬೀಳುತ್ತಾನೆ. ಮಂಡಿ ಹೋಗಿ ಒಂದು ವರ್ಷ ಆಡಲಾಗದಿದ್ದರೆ ಬರ್ಸರಿ ಉಳಿಯುತ್ತದಾ? ಫೀಸಿಗೆ ಮಾತ್ರನಾ, ಹಾಸ್ಟೆಲ್ಲಿಗೂ ಸೇರಿನಾ? ಬರವಣಿಗೆಯಲ್ಲಿ ಕೊಡಲಿ. ಬಾಯಿಮಾತಿಗೆ ಒಪ್ಪಬೇಡಿ. ಓದಿನ ವಿಷಯಕ್ಕೆ ಆ ಶಾಲೆ ಚೆನ್ನಾಗಿದ್ದರೆ ಅದು ಬೇರೆ ಮಾತು, ಆಗ ಯೋಚಿಸಿ.

ಇನ್ನೊಂದು ಎಚ್ಚರಿಕೆ. ಟ್ರಯಲ್ಸ್‌ನಲ್ಲಿ ಬಿದ್ದ ಹುಡುಗ ಮೊದಲು ಅಂದುಕೊಳ್ಳುವುದು 'ನಾನು ದಪ್ಪ ಸಾಲಲಿಲ್ಲ' ಅಂತ. ಆಗಲೇ ಜಿಮ್‌ನಲ್ಲಿ ಯಾರೋ ಮೈ ಬೆಳೆಸುವ ಪುಡಿ, ಮಾತ್ರೆಯ ಡಬ್ಬಿ ಕೊಡುತ್ತಾರೆ. ಕ್ರೇವನ್ ವೀಕ್‌ನಲ್ಲೇ ಡೋಪಿಂಗ್ (ನಿಷೇಧಿತ ಔಷಧದ) ಪರೀಕ್ಷೆ ನಡೆಯುತ್ತದೆ, ಶಾಲಾ ಹುಡುಗರು ಸಿಕ್ಕಿಬಿದ್ದಿದ್ದಾರೆ. ಅವನ ಬ್ಯಾಗಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಿರಲಿ. ಮೊಟ್ಟೆ, ಬೇಳೆ, ಮೊಸರು, ನಿದ್ದೆ, ಇಷ್ಟು ಸಾಕು.

ನನ್ನ ಮಗನ ಕಥೆ ಮುಗಿಸುತ್ತೇನೆ. 11ನೇ ಕ್ಲಾಸಿನಲ್ಲಿ ಟ್ರಯಲ್ಸ್ ಹತ್ತಿರ ಬಂದಾಗ ಒಂದು ಟ್ಯಾಕಲ್‌ನಲ್ಲಿ ತಲೆಗೆ ಪೆಟ್ಟಾಯಿತು, ರೆಫ್ರಿ ಬ್ಲೂ ಕಾರ್ಡ್ ತೋರಿಸಿದರು. ಅಂದರೆ ಮಿದುಳಿಗೆ ಪೆಟ್ಟಾಗಿರುವ ಅನುಮಾನ, ತಕ್ಷಣ ಹೊರಗೆ, ಡಾಕ್ಟರ್ ಒಪ್ಪುವವರೆಗೆ ಆಟ ಇಲ್ಲ. ಟ್ರಯಲ್ಸ್ ತಪ್ಪಿತು. ಅವನು ಬಾಗಿಲು ಹಾಕಿಕೊಂಡು ಕೂತ. ನನಗೂ ಒಳಗೊಳಗೇ ಆಸೆ, ಇನ್ನೊಬ್ಬ ಡಾಕ್ಟರ್ ಹತ್ತಿರ ತೋರಿಸೋಣವಾ ಅಂದೆ. ನನ್ನ ಹೆಂಡತಿ 'ಅವನಿಗಿರುವುದು ಒಂದೇ ತಲೆ' ಅಂದಳು. ಅವಳು ಹೇಳಿದ್ದೇ ಸರಿ. ಮೆಟ್ರಿಕ್ ವರ್ಷ ಮತ್ತೆ ಹೋದ, ಕ್ರೇವನ್ ವೀಕ್ ತಂಡ ಸಿಗಲಿಲ್ಲ, ಅಕಾಡೆಮಿ ವೀಕ್‌ಗೆ ಎರಡನೇ ಹುಕರ್ ಆಗಿ ಆರಿಸಿದರು. ಮೂರು ಪಂದ್ಯದಲ್ಲಿ ಎರಡು ಆಡಿದ. ಆ ಜರ್ಸಿ ಇವತ್ತಿಗೂ ಅವನ ರೂಮಿನ ಬಾಗಿಲ ಹಿಂದೆ ನೇತಾಡುತ್ತಿದೆ. ಆ ಸಲ ಆಯ್ಕೆ ಆಗಿದ್ದು ಹೇಗೆ ಗೊತ್ತಾ? ಈಸ್ಟರ್ ಪಂದ್ಯದಲ್ಲಿ ಅವನ ಶಾಲೆ ದೊಡ್ಡ ಅಂತರದಲ್ಲಿ ಸೋತಿತ್ತು, ಆದರೆ ಅವನು ಎಸೆದ ಲೈನ್‌ಔಟ್ ಒಂದೂ ತಪ್ಪಿರಲಿಲ್ಲ, ಅದನ್ನು ಒಬ್ಬ ಸೆಲೆಕ್ಟರ್ ಎಣಿಸಿದ್ದರಂತೆ.

ಹಾಗಾಗಿ ನೀವು ಈ ವಾರ ಮಾಡಬೇಕಾದ್ದು, ಮಗನೇ ಹೋಗಿ ಕೋಚ್‌ನ ಕೇಳಲಿ: 'ಸರ್, ನಾನು ಯಾವ ಎರಡು ವಿಷಯದಲ್ಲಿ ಸುಧಾರಿಸಬೇಕು?' ನೀವು ಹೋಗಬೇಡಿ. ಅಪ್ಪ ಅಮ್ಮ ಬಂದರೆ ಕೋಚ್ ಜಾಗರೂಕರಾಗಿ ಮಾತಾಡುತ್ತಾರೆ, ಹುಡುಗ ಬಂದರೆ ನಿಜ ಹೇಳುತ್ತಾರೆ. ಸೂಪರ್‌ಸ್ಪೋರ್ಟ್ ಸ್ಕೂಲ್ಸ್ ಆ್ಯಪ್‌ನಲ್ಲಿ ಅವನ ಶಾಲೆಯ ಪಂದ್ಯ ಬಂದರೆ ಒಟ್ಟಿಗೆ ಕೂತು ನೋಡಿ, ಚೆಂಡು ಅವನ ಕೈಯಲ್ಲಿ ಇಲ್ಲದಾಗ ಅವನು ಎಲ್ಲಿದ್ದಾನೆ ಅಂತ ಅವನೇ ಹೇಳಲಿ. ಫ್ಲ್ಯಾಂಕರ್‌ನಲ್ಲಿ ಸೆಲೆಕ್ಟರ್ ನೋಡುವುದು ಅದನ್ನೇ, ಟ್ಯಾಕಲ್ ಮಾಡಿ ಬಿದ್ದ ಮೇಲೆ ಎಷ್ಟು ಬೇಗ ಎದ್ದ ಅನ್ನುವುದನ್ನು.

ಶನಿವಾರ ಅವನ ಆಟ ಇದ್ದೇ ಇರುತ್ತದೆ, ಹೋಗಿ. ವಾಪಸ್ ಬರುವಾಗ ಕಾರಿನಲ್ಲಿ ಟ್ರಯಲ್ಸ್ ಮಾತು ತೆಗೆಯಬೇಡಿ. ನಾನು ತೆಗೆದಿದ್ದೆ, 'ಆ ಎರಡನೇ ಲೈನ್‌ಔಟ್...' ಅಂತ ಶುರು ಮಾಡಿದ್ದೆ. ಅವನು ಕಿಟಕಿ ಕಡೆ ತಿರುಗಿಕೊಂಡವನು ಮನೆ ಬರುವವರೆಗೂ ಮಾತಾಡಲಿಲ್ಲ. ಹಸಿದಿರುತ್ತಾನೆ, ಮೊದಲು ತಿನ್ನಲು ಏನಾದರೂ ಕೊಡಿಸಿ.