ಪಾಸ್‌ಪೋರ್ಟ್ ನಿನ್ನ ಬ್ಯಾಗಿನಲ್ಲೇ ಇರಲಿ

ಅಮೆರಿಕಕ್ಕೆ ಗಂಡನ ಹತ್ತಿರ ಹೊರಟಿದ್ದೀಯ. ಕುಕ್ಕರ್ ತರಬೇಕಾ, ಚಳಿಗೆ ಕೋಟು ಊರಲ್ಲೇ ಕೊಳ್ಳಲಾ, ಎಚ್-4ರಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವನ ಹೆಂಡತಿಗೆ ಕೊಡುವ ವೀಸಾದಲ್ಲಿ, ಕೆಲಸ ಮಾಡಬಹುದಾ ಅಂತ ಕೇಳಿದ್ದೀಯ. ಕೊನೆಯಲ್ಲಿ, ಏನೋ ಸಣ್ಣ ವಿಷಯ ಅನ್ನುವ ಹಾಗೆ, ಇನ್ನೊಂದು ಸಾಲು ಸೇರಿಸಿದ್ದೀಯ: "ಕಾಗದಪತ್ರ ಎಲ್ಲಾ ತಮ್ಮ ಫೈಲಲ್ಲೇ ಇರಲಿ ಅಂತ ನನ್ನ ಗಂಡ ಹೇಳ್ತಾರೆ, ಪಾಸ್‌ಪೋರ್ಟ್ ನೀನೇ ಇಟ್ಕೋ ಅಂತ ಚಿಕ್ಕಮ್ಮ ಹೇಳ್ತಾರೆ. ಯಾರ ಮಾತು ಕೇಳಲಿ?"

ಚಿಕ್ಕಮ್ಮನ ಮಾತು ಕೇಳು.

ಉಳಿದದ್ದನ್ನು ಬೇಗ ಮುಗಿಸುತ್ತೇನೆ. ಕುಕ್ಕರ್ ತಾ, ಜೊತೆಗೆ ಒಂದೆರಡು ಗ್ಯಾಸ್ಕೆಟ್ ಇರಲಿ. ಕೋಟು ಇಲ್ಲಿಗೆ ಬಂದು ಕೊಂಡುಕೋ, ಬೆಂಗಳೂರಿನ ಸ್ವೆಟರ್ ನ್ಯೂಜೆರ್ಸಿಯ ಜನವರಿಗೆ ಸಾಲುವುದಿಲ್ಲ. ಗಂಡನ ಗ್ರೀನ್ ಕಾರ್ಡಿಗಾಗಿ ಅವರ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ನೀನು ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು, 2015ರಿಂದ ಆ ಅವಕಾಶ ಇದೆ. ಇಲ್ಲದಿದ್ದರೆ ಕಾಯಬೇಕು. ಒಡವೆ ಎಲ್ಲಾ ಹೊತ್ತು ತರಬೇಡ. ನಿನ್ನ ಹೆಸರಿನ ಲಾಕರಿನಲ್ಲಿ ಇಟ್ಟು ಬಾ.

ನಿನ್ನ ಹುಡುಗನನ್ನು ನಾನು ನೋಡಿಲ್ಲ. ಒಳ್ಳೆಯವನೇ ಇರಬಹುದು, ಇರಲಿ. ಆದರೆ ನೀನು ಬರೆದ ಆ ಸಾಲು ನನಗೆ ಹೊಸದಲ್ಲ. 2008ರಲ್ಲಿ ನಾನು ಬಂದಿಳಿದಾಗ ನೆವಾರ್ಕ್ ವಿಮಾನ ನಿಲ್ದಾಣದಲ್ಲೇ "ಕಳೆದುಹೋಗುತ್ತೆ, ಕೊಡು" ಅಂತ ನನ್ನ ಗಂಡ ನನ್ನ ಪಾಸ್‌ಪೋರ್ಟ್ ತಗೊಂಡರು. ಎಷ್ಟು ಕಾಳಜಿ ಅಂದುಕೊಂಡೆ. ಅದು ನಂಬರ್ ಲಾಕಿನ ಬ್ರೀಫ್‌ಕೇಸಿಗೆ ಹೋಯಿತು.

ಕೈ ಎತ್ತಿದ್ದು ಆಮೇಲೆ, ತುಂಬಾ ಆಮೇಲೆ. ಮೊದಲು ಬಂದದ್ದು ಲೆಕ್ಕ. ತರಕಾರಿ ತಂದರೆ ರಸೀತಿ ಕೊಡಬೇಕು. ಅವರು ಅಡುಗೆಮನೆ ಕಟ್ಟೆಗೆ ಒರಗಿ, ಪೆನ್ನು ಹಿಡಿದು ಒಂದೊಂದೇ ಸಾಲಿಗೆ ಗೀಟು ಹಾಕುತ್ತಿದ್ದರು. "ಈ ಶಾಂಪೂ ಯಾರನ್ನ ಕೇಳಿ ತಗೊಂಡೆ?" ಅಮ್ಮನಿಗೆ ಕಾಲಿಂಗ್ ಕಾರ್ಡಿನಲ್ಲಿ ಫೋನ್ ಮಾಡುವಾಗ ಸ್ಪೀಕರ್ ಹಾಕಬೇಕು, ಅವರು ಪಕ್ಕದಲ್ಲೇ ಕೂತಿರಬೇಕು. "ಚೆನ್ನಾಗಿದ್ದೀಯೇನೇ?" "ಹ್ಞೂಂ ಅಮ್ಮ, ಚೆನ್ನಾಗಿದ್ದೀನಿ." ಬೇರೆ ಏನು ಹೇಳಲಿ ಹೇಳು?

ರಾತ್ರಿಯ ಮಾತನ್ನು ನಮ್ಮ ಹೆಣ್ಣುಮಕ್ಕಳು ಯಾರ ಹತ್ತಿರವೂ ಆಡುವುದಿಲ್ಲ, ನಿನಗೇ ಗೊತ್ತು. ಬೇಡ ಅಂದಮೇಲೂ ಬಲವಂತ ಮಾಡಿದರೆ ಅದು ಅಪರಾಧ, ಮಾಡಿದವನು ತಾಳಿ ಕಟ್ಟಿದವನೇ ಆಗಿರಲಿ. ಅಮೆರಿಕದ 50 ರಾಜ್ಯಗಳಲ್ಲೂ 1993ರ ಹೊತ್ತಿಗೆ ಅದು ಅಪರಾಧವಾಗಿತ್ತು. ನಮ್ಮ ದೇಶದ ಕಾನೂನು ಇವತ್ತಿಗೂ ಗಂಡನಿಗೆ ಅಲ್ಲಿ ವಿನಾಯಿತಿ ಕೊಡುತ್ತದೆ, ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ. ಇಲ್ಲಿ ಆಸ್ಪತ್ರೆಗೆ ಹೋದರೆ ಪೊಲೀಸ್ ದೂರು ಕೊಡದಿದ್ದರೂ ಪರೀಕ್ಷೆ ಮಾಡಿ ಸಾಕ್ಷ್ಯ ತೆಗೆದಿಡುತ್ತಾರೆ. ಅದಕ್ಕೆ ನೀನು ದುಡ್ಡು ಕೊಡಬೇಕಾಗಿಲ್ಲ.

ನನಗೆ ಇವತ್ತಿಗೂ ಆರದ ನೋವು ಒಂದಿದೆ. ತಂಗಿಯ ಮದುವೆಗೆ ನಾನು ಹೋಗಲಿಲ್ಲ. "ಈಗ ಹೋದರೆ ಸ್ಟ್ಯಾಂಪಿಂಗ್‌ನಲ್ಲಿ ತೊಂದರೆಯಾಗುತ್ತೆ, ವಾಪಸ್ ಬರೋಕೆ ಬಿಡಲ್ಲ" ಅಂತ ಅವರೇ ಅಪ್ಪನಿಗೆ ಫೋನಿನಲ್ಲಿ ಹೇಳಿಬಿಟ್ಟರು. ಅಪ್ಪ ನಂಬಿದರು. ವೀಸಾದ ಮಾತು ಅಂದರೆ ಊರಿನಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ ಅಲ್ವಾ. ತಂಗಿಗೆ ಧಾರೆ ಎರೆಯುವ ಹೊತ್ತಿಗೆ ಇಲ್ಲಿ ನಡುರಾತ್ರಿ. ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಆ ಪುಟ್ಟ ನೀಲಿ ಪುಸ್ತಕ ಪಕ್ಕದ ಕೋಣೆಯಲ್ಲೇ ಇತ್ತು. ತಂಗಿ ಈಗ ಎರಡು ಮಕ್ಕಳ ತಾಯಿ. ಮದುವೆಯ ಆಲ್ಬಂ ತೋರಿಸುವಾಗ ಅವಳೂ ಬೇಗ ಬೇಗ ಪುಟ ತಿರುವುತ್ತಾಳೆ.

ಕನ್ನಡ ಕೂಟದ ಹಿರಿಯರೊಬ್ಬರಿಗೆ ಅರ್ಧ ಮಾತು ಹೇಳಿ ನೋಡಿದೆ. "ಹೊಸದರಲ್ಲಿ ಹಾಗೇ ಕಣಮ್ಮ, ಹೊಂದ್ಕೊಂಡು ಹೋಗು" ಅಂದರು. ನನಗೆ ದಾರಿ ತೋರಿಸಿದ್ದು ಒಬ್ಬ ನರ್ಸ್. ಪರೀಕ್ಷೆಗೆ ಹೋದಾಗ ಗಂಡನನ್ನು ಹೊರಗೆ ಕೂರಲು ಹೇಳಿ, ರಕ್ತದೊತ್ತಡ ನೋಡುತ್ತಾ, ಮನೆಯಲ್ಲಿ ನಿನಗೆ ಭಯ ಇದೆಯಾ ಅಂತ ಕೇಳಿದಳು. ನನ್ನ ಬಾಯಿಂದ ಮಾತೇ ಬರಲಿಲ್ಲ. ಒಂದು ಸಣ್ಣ ಚೀಟಿಯಲ್ಲಿ ನಂಬರ್ ಬರೆದು ಕೊಟ್ಟು, ಚಪ್ಪಲಿಯೊಳಗೆ ಇಟ್ಟುಕೋ ಅಂದಳು. ನಿನ್ನನ್ನೂ ಇಲ್ಲಿನ ಡಾಕ್ಟರ್ ಹತ್ತಿರ ಹೀಗೆ ಕೇಳಬಹುದು. ಕೇಳಿದರೆ ನಿಜ ಹೇಳು.

ಆ ನಂಬರ್ ಮಾನವಿ ಸಂಸ್ಥೆಯದು. ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿ 1985ರಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾದದ್ದು. ನ್ಯೂಯಾರ್ಕಿನಲ್ಲಿ ಸಖಿ, ಕ್ಯಾಲಿಫೋರ್ನಿಯಾದಲ್ಲಿ ಮೈತ್ರಿ ಮತ್ತು ನಾರಿಕಾ, ಶಿಕಾಗೋದಲ್ಲಿ ಅಪ್ನಾ ಘರ್ ಇವೆ. ದೇಶಕ್ಕೆಲ್ಲಾ ಒಂದು ಸಹಾಯವಾಣಿ ಇದೆ, 1-800-799-7233, ಹಗಲು ರಾತ್ರಿ ಎತ್ತುತ್ತಾರೆ. ಇಂಗ್ಲಿಷ್ ತಡವರಿಸಿದರೆ ದುಭಾಷಿ ಕೇಳು. ಹೊಡೆತ ಬಿದ್ದರೆ, ಪ್ರಾಣಕ್ಕೆ ಭಯ ಅನ್ನಿಸಿದರೆ ಇಲ್ಲಿನ ತುರ್ತು ನಂಬರ್ 911. ಎಚ್-4 ಅಂದಮಾತ್ರಕ್ಕೆ ನಿನ್ನನ್ನು ಯಾರೂ ಊರಿಗೆ ವಾಪಸ್ ವಿಮಾನ ಹತ್ತಿಸುವುದಿಲ್ಲ. ಗಂಡಂದಿರು ಹೆದರಿಸುವುದು ಆ ಮಾತಿನಿಂದಲೇ.

ನ್ಯೂಜೆರ್ಸಿಯಲ್ಲಿ ಪೊಲೀಸರು ಬಂದ ರಾತ್ರಿಯೇ ಗಂಡ ನಿನ್ನ ಹತ್ತಿರ ಬರಬಾರದು ಅನ್ನುವ ತಾತ್ಕಾಲಿಕ ರಕ್ಷಣಾ ಆದೇಶ ಸಿಗಬಹುದು, ಅದಕ್ಕೆ ಶುಲ್ಕ ಇಲ್ಲ. ಹತ್ತು ದಿನದೊಳಗೆ ನ್ಯಾಯಾಧೀಶರ ಮುಂದೆ ವಿಚಾರಣೆಗೆ ದಿನ ಕೊಡುತ್ತಾರೆ. ನಾನು ಬಟ್ಟೆ, ಪಾಸ್‌ಪೋರ್ಟ್ ತರಲು ಹೋದಾಗ ಇಬ್ಬರು ಪೊಲೀಸರು ಬಾಗಿಲಲ್ಲೇ ನಿಂತಿದ್ದರು. ಬ್ರೀಫ್‌ಕೇಸ್ ತೆರೆಯಲು ಒಂದು ನಿಮಿಷ ಕೂಡ ಬೇಕಾಗಲಿಲ್ಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡು. ಡಿವೋರ್ಸ್ ಆದ ದಿನ ನಿನ್ನ ಎಚ್-4 ಹೋಗುತ್ತದೆ. ಅದಕ್ಕೆ ಮುಂಚೆಯೇ ಇಮಿಗ್ರೇಷನ್ ವಕೀಲರನ್ನು ಕಾಣಬೇಕು, ಈ ಸಂಸ್ಥೆಗಳೇ ಹುಡುಕಿಕೊಡುತ್ತವೆ. ಹಿಂಸೆಗೆ ಸಿಕ್ಕ ಎಚ್-4 ಹೆಂಡತಿಗೆ ತನ್ನದೇ ಕೆಲಸದ ಪರವಾನಗಿ ಕೊಡಬೇಕು ಅಂತ 2006ರಲ್ಲೇ ಇಲ್ಲಿ ಕಾನೂನಾಗಿತ್ತು. ಅರ್ಜಿ ಹಾಕುವ ಫಾರಂ, ಐ-765ವಿ, ಬಂದದ್ದು 2017ರಲ್ಲಿ. ನನಗೆ ಬೇಕಾಗಿದ್ದ ವರ್ಷಗಳಲ್ಲಿ ಅದು ಬರೀ ಕಾಗದದ ಮೇಲಿತ್ತು. ನಾನು ಸ್ಟೂಡೆಂಟ್ ವೀಸಾಗೆ ಬದಲಾಗಿ, ಕಾಲೇಜು ಸೇರಿ, ಸುತ್ತು ಹಾದಿಯಲ್ಲಿ ಕೆಲಸಕ್ಕೆ ಬಂದೆ. ಗಂಡ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನವನಾದರೆ ಹಿಂಸೆಗೆ ಸಿಕ್ಕ ಹೆಂಡತಿ ಅವನ ಸಹಿ ಇಲ್ಲದೆ ತಾನೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವ ದಾರಿಯೂ ಇದೆ. ಎಚ್-1ಬಿ ಗಂಡನ ಹೆಂಡತಿಗೆ ಅದು ಸಿಗುವುದಿಲ್ಲ. ಇಂಥ ಅಪರಾಧಕ್ಕೆ ಸಿಕ್ಕಿ ಪೊಲೀಸರಿಗೆ ಸಹಕರಿಸಿದವರಿಗೆ ಯು ವೀಸಾ ಅಂತ ಇದೆ, ವರ್ಷಕ್ಕೆ 10,000 ಮಾತ್ರ, ಕಾಯುವವರ ಸಾಲು ಬಹಳ ಉದ್ದ.

ಇದನ್ನೆಲ್ಲಾ ಓದಿ ಮದುವೆ ಮುರಿದುಕೋ ಅಂತ ಅರ್ಥ ಮಾಡಿಕೊಳ್ಳಬೇಡ. "ಪಾಸ್‌ಪೋರ್ಟ್ ನನ್ನ ಹತ್ತಿರ ಇರುತ್ತೆ, ನಿಮಗೆ ಕಾಪಿ ಕೊಡ್ತೀನಿ" ಅಂತ ಈಗಲೇ, ನಗುತ್ತಲೇ ಹೇಳಿ ನೋಡು. ಸರಿ ಅಂದರೆ ಸಂತೋಷ. ಮುಖ ಗಂಟಿಕ್ಕಿದರೆ, ನಂಬಿಕೆ ಇಲ್ವಾ ಅಂತ ರೇಗಿದರೆ, ವಿಮಾನ ಹತ್ತುವ ಮೊದಲು ಮನೆಯಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಬಾಯಿಬಿಟ್ಟು ಮಾತಾಡು.

ಪಾಸ್‌ಪೋರ್ಟ್, ವೀಸಾ ಪುಟ, ಮದುವೆ ನೋಂದಣಿ ಪತ್ರ, ಡಿಗ್ರಿ ಸರ್ಟಿಫಿಕೇಟ್ ಎಲ್ಲಾ ಸ್ಕ್ಯಾನ್ ಮಾಡಿ, ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಇಮೇಲಿನಿಂದ ಚಿಕ್ಕಮ್ಮನಿಗೆ ಕಳಿಸು. ಅವರ ಜೊತೆ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೋ. ಫೋನಿನಲ್ಲಿ ಅದು ಬಂದರೆ ನೀನು ಚೆನ್ನಾಗಿಲ್ಲ ಅಂತ ಅವರಿಗೆ ತಿಳಿಯಬೇಕು. ಬಂದಮೇಲೆ ನಿನ್ನ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆ. ಡ್ರೈವಿಂಗ್ ಬೇಗ ಕಲಿ. ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಸೋಶಿಯಲ್ ಸೆಕ್ಯುರಿಟಿ ನಂಬರ್, ಇಲ್ಲದಿದ್ದರೂ ಇಲ್ಲಿ ಲೈಸೆನ್ಸ್ ಸಿಗುತ್ತದೆ. ಕಲಿಸಲು ಯಾರೂ ಇಲ್ಲ ಅಂದರೆ ನಾನಿದ್ದೇನೆ, ನನ್ನ ಕಾರಿದೆ, ಭಾನುವಾರ ನನಗೆ ರಜೆ.