ಅಕ್ಕನ ನೋಟ್‌ಬುಕ್ಕಿನ ಒಂಬತ್ತು ಹೆಸರು

ಕಣ್ಣಿನ ಸುತ್ತ ಊದಿಕೊಂಡಿತ್ತು. ರಾತ್ರಿಯೆಲ್ಲ ಅತ್ತು ಬಂದಿದ್ದಾರೆ ಅಂದುಕೊಂಡು ನೀರಿನ ಲೋಟ ಮುಂದಿಟ್ಟೆ. "ಅತ್ತಿದ್ದಲ್ಲ ಮೇಡಂ, ಮಾತ್ರೆ ತಗೊಂಡು ಹೀಗಾಗಿದ್ದು, ಆರು ವರ್ಷ ಆಯ್ತು" ಅಂದರು. ಆಮೇಲೆ ಅತ್ತರು, ಅದು ಬೇರೆ ಮಾತು.

ನನ್ನ ಹತ್ತಿರ ಆಪ್ತಸಲಹೆಗೆ ಬಂದವರು ಕುಮಟಾ ಕಡೆಯ ಅಂಗನವಾಡಿ ಟೀಚರ್, ಐವತ್ತರ ಆಸುಪಾಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಬರೆಯೋಕೆ ಅವರೇ ಒಪ್ಪಿದ್ದಾರೆ. ಅಕ್ಕ ಅಂತಲೇ ಕರೆಯುತ್ತೇನೆ. ಅವರಿಗಿರುವುದು ಜಿಸ್ಟ್. ಹೊಟ್ಟೆ ಅಥವಾ ಕರುಳಿನ ಗೋಡೆಯಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಅದಕ್ಕೆ ಅವರು ತಗೊಳ್ಳುವ ಮಾತ್ರೆ ಇಮಾಟಿನಿಬ್. ಹೊರದೇಶದ ಲೆಕ್ಕದಲ್ಲಿ ಹತ್ತು ಲಕ್ಷ ಜನರಿಗೆ ವರ್ಷಕ್ಕೆ 10ರಿಂದ 15 ಹೊಸ ರೋಗಿಗಳು. ನಮ್ಮ ಜಿಲ್ಲೆಯಲ್ಲಿ 2011ರ ಗಣತಿಯಲ್ಲೇ ಇದ್ದದ್ದು 14 ಲಕ್ಷ ಚಿಲ್ಲರೆ ಜನ, ನೀವೇ ಅಂದಾಜು ಹಾಕಿ. ಕಾರವಾರದಿಂದ ಭಟ್ಕಳದವರೆಗೆ ಹುಡುಕಿದರೂ ಜೊತೆಗೊಬ್ಬರು ಸಿಗೋದು ಕಷ್ಟ.

ಆದರೂ ಅಕ್ಕ ಒಂಬತ್ತು ಜನರನ್ನು ಹುಡುಕಿದ್ದರು. ಸ್ಕ್ಯಾನಿಗೆ ಹೋದಾಗ ಹೊರಗಿನ ಬೆಂಚಿನಲ್ಲಿ ಕೂತವರ ಕಣ್ಣು ನೋಡಿ "ನೀವೂ ಇಮಾಟಿನಿಬ್ಬಾ?" ಅಂತ ಕೇಳಿಬಿಡುತ್ತಿದ್ದರಂತೆ. ಒಬ್ಬರು ಶಿರಸಿಯ ಅಡಿಕೆ ತೋಟದವರು, ಒಬ್ಬರು ಅಂಕೋಲಾದಲ್ಲಿ ಮೀನು ಮಾರುವವರು. ಹಳೇ ಹಾಜರಿ ನೋಟ್‌ಬುಕ್ಕಿನಲ್ಲಿ ಎಲ್ಲರದ್ದೂ ಬರೆದಿಟ್ಟಿದ್ದರು. ಸ್ಕೇಲಿಟ್ಟು ಎಳೆದ ಗೆರೆ, ಐದು ಕಾಲಂ: ಹೆಸರು, ಊರು, ಎಷ್ಟು ಮಿಲಿಗ್ರಾಂ, ಯಾವ ಮ್ಯುಟೇಷನ್ (ಗಡ್ಡೆಯ ಜೀನಿನಲ್ಲಿ ಆಗಿರುವ ಬದಲಾವಣೆ), ಕೊನೆಯ ಸ್ಕ್ಯಾನ್. ನಾಲ್ಕನೇ ಕಾಲಂ ಹೆಚ್ಚಿನವರದ್ದು ಖಾಲಿ. ಏಳನೇ ಹೆಸರಿನ ಸುತ್ತ ಪೆನ್ಸಿಲಿನಲ್ಲಿ ಒಂದು ಚೌಕ.

ಅದು ಹೊನ್ನಾವರ ಕಡೆಯ ಒಬ್ಬರದ್ದು. ತೀರಿಹೋಗಿ ಎರಡು ತಿಂಗಳಾಗಿತ್ತು. ಮೊದಲ ಸಲ ಅವರು ಫೋನಿನಲ್ಲಿ ಹೆದರಿಕೊಂಡು ಮಾತಾಡಿದಾಗ ಅಕ್ಕ ಹೇಳಿದ್ದು, "ಈ ಮಾತ್ರೆ ತಗೊಂಡ್ರೆ ಏನೂ ಆಗೂದಿಲ್ಲ, ನನ್ನ ನೋಡಿ." ಅವರ ಗಡ್ಡೆಯ ಮ್ಯುಟೇಷನ್ ರಿಪೋರ್ಟ್ ಬಂದದ್ದು ನಾಲ್ಕು ತಿಂಗಳ ನಂತರ. ಡಿ842ವಿ. ಆ ಬಗೆಗೆ ಇಮಾಟಿನಿಬ್ ಕೆಲಸ ಮಾಡುವುದಿಲ್ಲ. ಅಕ್ಕನದ್ದು ಎಕ್ಸಾನ್ 11, ಮಾತ್ರೆಗೆ ಚೆನ್ನಾಗಿ ಬಗ್ಗುವಂಥದ್ದು. ಕಾಯಿಲೆಯ ಹೆಸರು ಒಂದೇ, ಒಳಗೆ ಬೇರೆ ಬೇರೆ.

"ನಾನು ಸುಳ್ಳು ಹೇಳಿದೆ ಮೇಡಂ. ಅವರ ಹೆಂಡತಿಗೆ ಮುಖ ತೋರಿಸೂದು ಹೇಗೆ?" ರಾತ್ರಿ ಎರಡಕ್ಕೆ ಫೋನ್ ಬಂದರೂ ಎತ್ತುತ್ತಿದ್ದರು, ಎತ್ತದಿದ್ದರೆ ಇನ್ನೊಬ್ಬರು ಹೋಗಿಬಿಡುತ್ತಾರೇನೋ ಅಂತ ಭಯ. ಗಂಡ ಸಿಮ್ ಕಾರ್ಡನ್ನೇ ಕಿತ್ತಿಟ್ಟಿದ್ದರು.

ನಿಮ್ಮದೇನೂ ತಪ್ಪಿಲ್ಲ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ನಂಬುತ್ತಲೂ ಇರಲಿಲ್ಲ. ತಪ್ಪು ಇತ್ತು, ಸಣ್ಣದು: ಕೊಡಬಾರದ ಭರವಸೆ ಕೊಟ್ಟರು. ಆದರೆ ಹೊನ್ನಾವರದವರು ತೀರಿಹೋದದ್ದು ಮ್ಯುಟೇಷನ್‌ನಿಂದ, ಅಕ್ಕನ ಮಾತಿನಿಂದಲ್ಲ. ಡಾಕ್ಟರ್ ಬರೆದ ಮಾತ್ರೆಯನ್ನೇ ಅವರು ನುಂಗಿದ್ದರು. ಇವೆರಡನ್ನು ಬೇರೆ ಮಾಡಿ ನೋಡೋಕೇ ನಮಗೆ ಮೂರು ಭೇಟಿ ಬೇಕಾಯಿತು.

ಫೋನ್ ಬಿಡಿ ಅಂತಲೂ ಹೇಳಲಿಲ್ಲ. ಗಂಡನಿಗೆ ಇದರಿಂದ ಸ್ವಲ್ಪ ಬೇಜಾರಾಯಿತು. ಸಂಜೆ ನಾಲ್ಕರಿಂದ ಆರು ಮಾತ್ರ, ಒಂಬತ್ತಕ್ಕೆ ಸ್ವಿಚ್ ಆಫ್, ತುರ್ತು ಇದ್ದರೆ ಆಸ್ಪತ್ರೆಯ ನಂಬರ್ ಅಂತ ಎಲ್ಲರಿಗೂ ಮೊದಲೇ ತಿಳಿಸಿ ಅಂದೆ. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ಮಾತ್ರೆ ನುಂಗೋದು, ಕಾಲು ಸೆಳೆತಕ್ಕೆ ಏನು ಮಾಡಬೇಕು ಅನ್ನೋದು, ಇಂಥದ್ದನ್ನು ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ, ಹೇಳಿ. ಡೋಸ್ ಹೆಚ್ಚಿಸು, ನಿಲ್ಲಿಸು ಅನ್ನಬೇಡಿ. "ನನಗೇನೂ ಆಗಿಲ್ಲ" ಅನ್ನುವ ಬದಲು "ನಿಮ್ಮ ಮ್ಯುಟೇಷನ್ ಟೆಸ್ಟ್ ಆಗಿದೆಯಾ, ಡಾಕ್ಟರನ್ನು ಕೇಳಿದಿರಾ?" ಅಂತ ಕೇಳಿ. ಆ ಖಾಲಿ ಕಾಲಂ ತುಂಬಿಸೋದೇ ದೊಡ್ಡ ಸಹಾಯ.

ಅಕ್ಕನಿಗೆ ಇನ್ನೊಂದು ಸಿಟ್ಟಿತ್ತು. "ನಾವು ಇಷ್ಟೇ ಜನ, ನಮ್ಮ ಕಾಯಿಲೆ ಬಗ್ಗೆ ಸಂಶೋಧನೆ ಮಾಡೂದು ಯಾರಿಗೆ ಬೇಕು?" ಇಲ್ಲಿ ನಾನು ಆಪ್ತಸಲಹೆಗಾರ್ತಿಯ ಕುರ್ಚಿ ಬಿಟ್ಟು ಸ್ವಲ್ಪ ಕಥೆ ಹೇಳಿದೆ, ತಪ್ಪಾದರೆ ಆಗಲಿ. ಜಿಸ್ಟ್‌ಗೆ ಕಾರಣವಾಗುವ ಕಿಟ್ ಅನ್ನುವ ಜೀನಿನ ಮ್ಯುಟೇಷನ್ ಗೊತ್ತಾದದ್ದು 1998ರಲ್ಲಿ, ಜಪಾನಿನಲ್ಲಿ. 2000ದಲ್ಲಿ ಫಿನ್‌ಲ್ಯಾಂಡಿನ ಒಬ್ಬ ಹೆಂಗಸಿಗೆ ಇಮಾಟಿನಿಬ್ ಕೊಟ್ಟು ನೋಡಿದರು. ಒಬ್ಬರಿಗೆ ಮಾತ್ರ. ಗಡ್ಡೆ ಕುಗ್ಗಿತು. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೇ ಸಿಕ್ಕಿತು. ನಮ್ಮಲ್ಲಿ ಮಾತ್ರೆ ಅಗ್ಗವಾಗಿ ಸಿಗುತ್ತಿರುವುದರ ಹಿಂದೆ ರೋಗಿಗಳ ಪರ ನಿಂತ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ನಿನ ಕೈಯೂ ಇದೆ. ಪೇಟೆಂಟ್ ಬೇಡ ಅಂತ ಅದು ತಕರಾರು ತೆಗೆದಿತ್ತು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಮಾತ್ರೆಯ ಕಂಪನಿ ನೊವಾರ್ಟಿಸ್‌ಗೆ ಪೇಟೆಂಟ್ ಇಲ್ಲ ಅಂದಿತು.

ಅಕ್ಕ ನೋಟ್‌ಬುಕ್ ಮುಟ್ಟಿಕೊಂಡು ಕೂತರು. "ಹಾಗಾದ್ರೆ ಇದನ್ನೇ ಡಾಕ್ಟರಿಗೆ ಕೊಡ್ಲಾ?" ಹಾಗೇ ಕೊಡಬೇಡಿ ಅಂದೆ. ಬೇರೆಯವರ ಕಾಯಿಲೆ ಅದರಲ್ಲಿದೆ, ಒಬ್ಬೊಬ್ಬರ ಒಪ್ಪಿಗೆ ಕೇಳಬೇಕು, ಬೇಡ ಅಂದವರ ಹೆಸರು ಬಿಡಬೇಕು. ನಿಮ್ಮ ಡಾಕ್ಟರನ್ನು ಮೂರು ವಿಷಯ ಕೇಳಿ: ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಂಡನ್ನು ಮೇಣದಲ್ಲಿ ಕೂರಿಸಿಟ್ಟ ಬ್ಲಾಕ್ ಲ್ಯಾಬಿನಲ್ಲಿ ಇನ್ನೂ ಇದೆಯಾ, ಅದನ್ನು ಸಂಶೋಧನೆಗೆ ಕೊಡಬಹುದಾ, ಹೊಸ ಚಿಕಿತ್ಸೆಗಳನ್ನು ರೋಗಿಗಳಲ್ಲಿ ಪರೀಕ್ಷಿಸುವ ಕ್ಲಿನಿಕಲ್ ಟ್ರಯಲ್‌ಗಳ ದೇಶದ ರಿಜಿಸ್ಟ್ರಿಯಲ್ಲಿ ನಮ್ಮಂಥವರಿಗೆ ಯಾವುದಾದರೂ ಟ್ರಯಲ್ ನಡೀತಿದೆಯಾ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಎಲ್ಲರೂ ಕೂಗುತ್ತಾರಲ್ವಾ, ಆ ಸಭೆಗೆ ಹೋದಾಗ ಮ್ಯುಟೇಷನ್ ಟೆಸ್ಟ್ ಬಗ್ಗೆಯೂ ಎರಡು ಮಾತು ಹೇಳಿ.

ಕೊನೆಗೆ ಹೊನ್ನಾವರಕ್ಕೆ ಹೋಗಿ ಬನ್ನಿ ಅಂದೆ. ತಿಂಗಳು ತಪ್ಪಿಸಿಕೊಂಡರು. ಆಮೇಲೆ ಹೋದರು.

ತೀರಿಹೋದವರ ಹೆಂಡತಿ ಬೈಯಲಿಲ್ಲವಂತೆ. ಚಹಾ ಕೊಟ್ಟು, ಉಳಿದ ಮಾತ್ರೆಗಳ ಕವರ್ ತಂದಿಟ್ಟರಂತೆ, ಯಾರಿಗಾದರೂ ಕೊಡಿ ಅಂತ. ಅಕ್ಕ ಅದನ್ನು ಬೇರೆ ರೋಗಿಗೆ ದಾಟಿಸದೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಕೈಗೆ ಕೊಟ್ಟರು. ಹೊರಡುವಾಗ ಅಕ್ಕನೇ ಬ್ಲಾಕ್ ಬಗ್ಗೆ ಹೇಳಿದ್ದಾರೆ. "ಅವರದ್ದು ಇನ್ನೂ ಅಲ್ಲಿ ಇರ್ತದಾ?" ಅಂತ ಆಕೆ ಎರಡೆರಡು ಸಲ ಕೇಳಿದರಂತೆ.

ಸೋಮವಾರ ಇಬ್ಬರೂ ಸೇರಿ ಲ್ಯಾಬಿಗೆ ಫೋನ್ ಮಾಡಿದರು. ಇದೆ ಅಂದರು.